ಎರಡು ದಿನಕ್ಕೊಂದು ಗ್ರಹಣ

ಗ್ರಹಣ ಹಿಡಿಯಿತು ಅಂದರೆ ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಉಪ್ಪಿನಕಾಯಿ ಜಾಡಿಗೂ ದರ್ಭೆ. ಕಿನ್ನರ ನಕ್ಷತ್ರಪುಂಜದಲ್ಲಿ ಎಕ್ಸ್-ರೇ ಸೂಸುವ ‘ಸೆಂಟಾರಸ್ ಎಕ್ಸ್-3’ ಎಂಬುದೊಂದಿದೆ; ಅಲ್ಲಿ ಎರಡು ದಿನಕ್ಕೊಮ್ಮೆ ಗ್ರಹಣ, ಪ್ರತಿ ಸಲ ಸುಮಾರು ಹನ್ನೆರಡು ಗಂಟೆ. ನಮ್ಮಜ್ಜಿ ಅಲ್ಲಿದ್ದಿದ್ದರೆ ಮುದ್ದೆ ಬೇಯಿಸಲು ಹೊತ್ತೇ ಸಿಗುತ್ತಿರಲಿಲ್ಲ.

ಎಕ್ಸ್-ರೇ ನಮ್ಮ ಗಾಳಿಯನ್ನು ದಾಟಿ ಕೆಳಗೆ ಬರುವುದಿಲ್ಲ. ಪಕ್ಕದ ಗೌರಿಬಿದನೂರಿನ ದೂರದರ್ಶಕ ಹಿಡಿಯುವುದು ರೇಡಿಯೋ ಅಲೆಗಳನ್ನು. ಎಕ್ಸ್-ರೇ ಬೇಕಾದರೆ ಮೇಲಕ್ಕೇ ಹೋಗಬೇಕು. 1970ರ ಡಿಸೆಂಬರ್ 12ರಂದು ಕೀನ್ಯಾದ ಕಡಲತೀರದ ಬಳಿಯಿಂದ ಒಂದು ಉಪಗ್ರಹ ಹಾರಿತು. ಅವತ್ತು ಕೀನ್ಯಾದ ಸ್ವಾತಂತ್ರ್ಯ ದಿನ. ಅದಕ್ಕೇ ಹೆಸರು ‘ಉಹುರು’, ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಹೆಸರಿಟ್ಟರೆ ಹೀಗಿಡಬೇಕು, ಅಲ್ವಾ? ಖಗೋಳವಿಜ್ಞಾನಿ ರಿಕಾರ್ಡೊ ಜಕೋನಿ ತಂಡಕ್ಕೆ 1971ರಲ್ಲಿ ಅದರ ಮೂಲಕ ಸೆಂಟಾರಸ್ ಎಕ್ಸ್-3ರಿಂದ 4.8 ಸೆಕೆಂಡಿಗೊಮ್ಮೆ ಬರುವ ಎಕ್ಸ್-ರೇ ಮಿಡಿತ ಸಿಕ್ಕಿತು.

ಆದರೆ ಮಿಡಿತ ಒಮ್ಮೆ ಬೇಗ, ಒಮ್ಮೆ ತಡ. ನನಗೆ ತುಂಬಾ ಇಷ್ಟದ ಭಾಗ ಇದು.

ಜಾತ್ರೆಯಲ್ಲಿ ತಿರುಗುವ ಮರದ ಕುದುರೆ ಮೇಲೆ ತಮಟೆಯವನನ್ನು ಕೂರಿಸಿ. ಆ ಕುದುರೆಯ ಸುತ್ತು ಊರಗಲ ಇದೆ ಅಂದುಕೊಳ್ಳಿ. ಅವನು ನಿಮ್ಮತ್ತ ಬರುವಾಗ ಏಟುಗಳು ಒತ್ತೊತ್ತಾಗಿ ಕೇಳುತ್ತವೆ, ದೂರ ಹೋಗುವಾಗ ಬಿಡಿಬಿಡಿಯಾಗಿ. ಅವನ ಕೈ ಒಂದು ಸಲವೂ ತಾಳ ತಪ್ಪಿಲ್ಲ. ಇನ್ನೊಂದು ರೀತಿ ಹೇಳಲೇ? ದಿನಾ ಪತ್ರ ಹಾಕುವ ಮಗ ಊರಿಂದ ಊರಿಗೆ ದೂರ ಸರಿಯುತ್ತಿದ್ದರೆ ಪತ್ರಗಳ ನಡುವಿನ ಅಂತರ ಹಿಗ್ಗುತ್ತದೆ. ವಾಪಸ್ ಹೊರಟರೆ ಕುಗ್ಗುತ್ತದೆ. ಇಲ್ಲಿ ಮಿಡಿತಗಳು ಹೆಚ್ಚೆಂದರೆ ಸುಮಾರು 40 ಸೆಕೆಂಡು ಮುಂಚೆ, ಅಷ್ಟೇ ತಡ. ಬೆಳಕು 40 ಸೆಕೆಂಡಿನಲ್ಲಿ ಓಡುವ ದೂರ 1.2 ಕೋಟಿ ಕಿಲೋಮೀಟರ್. ಸುತ್ತುವ ದಾರಿ ಎಷ್ಟು ದೊಡ್ಡದು ಅಂತ ಟೇಪು ಹಿಡಿಯದೇ ಗೊತ್ತಾಯಿತು!

ಈ ಬೇಗ-ತಡದ ಚಕ್ರ 2.1 ದಿನದ್ದು. ಎಕ್ಸ್-ರೇ ಮಾಯವಾಗುವುದೂ 2.1 ದಿನಕ್ಕೊಮ್ಮೆ, ಅದೂ ಮಿಡಿತ ಅತಿ ತಡವಾಗುವ ಹೊತ್ತಿಗೆ ಸರಿಯಾಗಿ. ಅಂದರೆ ತಮಟೆಯವನು ಆಚೆ ಬದಿಗೆ ಹೋದಾಗ ನಡುವೆ ಏನೋ ದಪ್ಪನೆಯದು ಅಡ್ಡ ಬರುತ್ತಿದೆ. ಜೋಡಿ ನಕ್ಷತ್ರ! 1972ರಲ್ಲಿ ತಂಡ ಇದನ್ನು ಪ್ರಕಟಿಸಿತು. ನುಂಗಲು ರಾಹುವೇನೂ ಬೇಕಾಗಲಿಲ್ಲ.

ಎಕ್ಸ್-ರೇ ಹುಟ್ಟುವ ಬಗೆಗೆ ನಮ್ಮೂರಿನ ರೇಷ್ಮೆಯೇ ಸಾಕು. ಗೂಡಿನಿಂದ ಎಳೆ ಬಿಚ್ಚಿದ ಹಾಗೆ, ಸುಮಾರು 20 ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳು) ದೊಡ್ಡ ಜೊತೆಗಾರನ ಅನಿಲವನ್ನು ತನ್ನತ್ತ ಎಳೆಯುತ್ತದೆ. ಅನಿಲ ಅದರ ಕಾಂತ ಧ್ರುವಗಳ ಮೇಲೆ ಬಿದ್ದು ಕಾದು ಹೊಳೆಯುತ್ತದೆ. ನಕ್ಷತ್ರ ತನ್ನ ಸುತ್ತ ತಿರುಗಿದಂತೆ ಆ ಹೊಳಪು ನಮ್ಮತ್ತ ಬಂದು ಹೋಗುವುದೇ ಮಿಡಿತ. ಒಂದೇ ವ್ಯತ್ಯಾಸ: ಇಲ್ಲಿ ಚರಕಕ್ಕೆ ಮೋಟರ್ ಇಲ್ಲ, ಬೀಳುವ ಎಳೆಯೇ ಚರಕವನ್ನು ತಿರುಗಿಸುತ್ತದೆ. ರೇಡಿಯೋ ಪಲ್ಸಾರ್‌ಗಳು, ಅಂದರೆ ರೇಡಿಯೋ ಅಲೆಗಳಲ್ಲಿ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳು, ವಯಸ್ಸಾದಂತೆ ನಿಧಾನವಾಗುತ್ತವೆ. ಇದು ನಡುನಡುವೆ ತಡವರಿಸಿದರೂ, ವರ್ಷಗಳ ಲೆಕ್ಕದಲ್ಲಿ ಚುರುಕಾಗಿದೆ. ತಿಂದಿದ್ದು ಮೈಗೆ ಹತ್ತಿದೆ.

ಏಪ್ರಿಲ್ ಕೊನೆಯಲ್ಲಿ ರಾತ್ರಿ ಒಂಬತ್ತಕ್ಕೆ ನಂದಿ ಬೆಟ್ಟದ ಕಡೆಯ ಬಯಲಲ್ಲಿ ನಿಂತು ದಕ್ಷಿಣಕ್ಕೆ ತಿರುಗಿ. ದಿಗಂತದಿಂದ ಸ್ವಲ್ಪವೇ ಮೇಲೆ ಆ ಜಾಗ ಇದೆ. ಬರಿಗಣ್ಣಿಗೆ ಏನೂ ಕಾಣದು. ಆದರೆ ಹೀಗೆ ನೋಡಿದ ನಾಲ್ಕು ಸಲಕ್ಕೆ ಹೆಚ್ಚುಕಡಿಮೆ ಒಂದು ಸಲ ಅಲ್ಲಿ ಗ್ರಹಣ ನಡೆದಿರುತ್ತದೆ.