ಲೈಫ್ ಜಾಕೆಟ್ ಹಾಕದಿದ್ದರೆ ದಂಡ ಯಾರಿಗೆ?

ಪ್ರಶ್ನೆ: ರಜೆಯಲ್ಲಿ ಕುಟುಂಬದವರೆಲ್ಲ ಕಾಸರಗೋಡು ಜಿಲ್ಲೆಯ ವಲಿಯಪರಂಬ ಹಿನ್ನೀರಿಗೆ ಬೋಟಿಂಗ್ ಹೋಗುವವರಿದ್ದೇವೆ. ಜಾಕೆಟ್ ಹಾಕದಿದ್ದರೆ, ಜನ ಜಾಸ್ತಿಯಾದರೆ ದಂಡ ಎಷ್ಟು? ಕಟ್ಟಬೇಕಾದ್ದು ನಾವೋ, ಬೋಟಿನವರೋ?

ಶಾಲೆಗೆ ರಜೆ ಸಿಕ್ಕಿತು ಅಂದರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಉತ್ತರವೂ ಹಳೆಯದೇ: ಮೊದಲ ಹೊಣೆ ಬೋಟಿನವರದ್ದು.

ಹಳೆಯ ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 284ನೇ ಸೆಕ್ಷನ್ ನೋಡಿ. ಬಾಡಿಗೆಗೆ ಜನರನ್ನು ಒಯ್ಯುವ ದೋಣಿ ಜೀವಕ್ಕೆ ಅಪಾಯವಾಗುವ ಸ್ಥಿತಿಯಲ್ಲಿದ್ದರೆ, ಅಥವಾ ಅಷ್ಟು ಜನ ತುಂಬಿಸಿದ್ದರೆ, 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಡ್ಡಾದಿಡ್ಡಿ ಓಡಿಸಿದರೆ 282ನೇ ಸೆಕ್ಷನ್. ಅಲ್ಲೂ 6 ತಿಂಗಳವರೆಗೆ ಜೈಲು ಅಥವಾ 10,000ದವರೆಗೆ ದಂಡ, ಇಲ್ಲವೇ ಎರಡೂ. ನೋಂದಣಿ, ಸರ್ವೆ ಸರ್ಟಿಫಿಕೇಟ್ (ಬೋಟನ್ನು ತಪಾಸಣೆ ಮಾಡಿ ಕೊಡುವ ಪತ್ರ), ಜಾಕೆಟ್‌ನಂಥ ಸಲಕರಣೆ ಇವೆಲ್ಲ 2021ರ ಒಳನಾಡು ಹಡಗು ಕಾಯ್ದೆಗೆ ಬರುತ್ತವೆ.

ಹಾಗಂತ ನೀವು ಪೂರ್ತಿ ಪಾರು ಅಂದುಕೊಳ್ಳಬೇಡಿ. ಬೋಟನ್ನು ಬೇಕೆಂದೇ ಅಲ್ಲಾಡಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ನ್ಯಾಯ ಸಂಹಿತೆಯದ್ದೇ 125ನೇ ಸೆಕ್ಷನ್ ಇದೆ. 3 ತಿಂಗಳವರೆಗೆ ಜೈಲು ಅಥವಾ 2,500ರವರೆಗೆ ದಂಡ, ಇಲ್ಲವೇ ಎರಡೂ.

ಇನ್ನು ಆ ಹಳೇ ಮಾತು. "ಸ್ವಂತ ಜವಾಬ್ದಾರಿ ಅಂತ ಬೋರ್ಡ್ ಹಾಕಿದ್ದಾರಲ್ಲ, ನಾವೂ ಒಪ್ಪಿಯೇ ಹತ್ತಿದ್ದು. ಮತ್ತೆ ಕೇಸ್ ಎಲ್ಲಿಂದ?" ವಿದ್ಯಾವಂತರೂ ಇದನ್ನೇ ಹೇಳುತ್ತಾರೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದಿಲ್ಲ ಮಾರಾಯ್ರೇ!

ಬೋರ್ಡಿನಿಂದ ಕಾನೂನು ಬದಲಾಗುವುದಿಲ್ಲ. ಜನ ತುಂಬಿಸಿ ಬೋಟು ಬಿಟ್ಟಾಗಲೇ ತಪ್ಪು ನಡೆದುಹೋಯಿತು, ಮುಳುಗಲೇಬೇಕೆಂದಿಲ್ಲ. ನೀವು ಒಪ್ಪಿದಿರಿ, ನೀವೇ ಒತ್ತಾಯ ಮಾಡಿದಿರಿ, ಚೀಟಿಗೆ ಸಹಿ ಹಾಕಿದಿರಿ, ಯಾವುದೂ ಲೆಕ್ಕಕ್ಕಿಲ್ಲ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಹೇಳಿದವನೂ 284ನೇ ಸೆಕ್ಷನ್‌ನಲ್ಲಿ ಸಿಕ್ಕಿಬೀಳುತ್ತಾನೆ.

ತಾನೂರಿನ ಬೋಟು ದುರಂತ ನೆನಪಿದೆಯಲ್ವಾ? ಕೇರಳದ ಮಲಪ್ಪುರಂ ಜಿಲ್ಲೆ, 2023ರ ಮೇ 7, ಸಂಜೆಗತ್ತಲು. ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ಬೋಟಾಗಿ ಮಾರ್ಪಡಿಸಿದ್ದರು. ಮಿತಿಗಿಂತ ಎಷ್ಟೋ ಹೆಚ್ಚು ಜನ. 22 ಮಂದಿ ತೀರಿಕೊಂಡರು, ಅದರಲ್ಲಿ ಹೆಚ್ಚಿನವರು ಮಕ್ಕಳು. ಅವರನ್ನೇನು ಯಾರೂ ಎಳೆದು ಹತ್ತಿಸಿರಲಿಲ್ಲ, ದುಡ್ಡು ಕೊಟ್ಟು ಖುಷಿಯಿಂದಲೇ ಹತ್ತಿದ್ದರು. ಆದರೂ ಪೊಲೀಸರು ಮಾಲೀಕನ ಮೇಲೆ ಕೊಲೆಯ ಸೆಕ್ಷನ್ನನ್ನೇ ಹಾಕಿದರು. "ಸ್ವಂತ ಜವಾಬ್ದಾರಿ" ಅನ್ನುವವರು ಈ ಕೇಸನ್ನು ಒಮ್ಮೆ ಓದಲಿ.

"ಇನ್ನಿಬ್ಬರು ತಾನೇ, ಅಡ್ಜಸ್ಟ್ ಮಾಡಿ" ಅನ್ನಲು ಇದು ಮದುವೆ ದಿಬ್ಬಣದ ಬಸ್ಸಲ್ಲ. ಬೋಟಿನಲ್ಲಿ ಎಷ್ಟು ಜನ ಎಂಬುದರಷ್ಟೇ ಮುಖ್ಯ, ಎಲ್ಲಿ ನಿಂತಿದ್ದಾರೆ ಎಂಬುದು. ಜನ ಮೇಲಿನ ಅಂತಸ್ತಿಗೆ ಹತ್ತಿದಷ್ಟೂ ಬೋಟು ವಾಲುವುದು ಸುಲಭ. ಫೋಟೋಗೆ ಅಂತ ಎಲ್ಲರೂ ಒಂದೇ ಬದಿಗೆ ಓಡಿದರೆ ಮುಗಿಯಿತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನರನ್ನು ಬಲಿ ತೆಗೆದುಕೊಂಡದ್ದು ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮದ ಬೋಟು. ಸರ್ಕಾರದ್ದಾದರೆ ಭಯವಿಲ್ಲ ಅನ್ನುವ ಧೈರ್ಯವೂ ಸುಮ್ನೆ.

ಹತ್ತುವ ಮೊದಲು ಬೋಟಿನಲ್ಲಿ ಬರೆದಿರುವ ಜನರ ಮಿತಿ ನೋಡಿ, ತಲೆ ಎಣಿಸಿ. ಮಡಿಲ ಮಗುವೂ ಒಂದು ತಲೆಯೇ. ಮಕ್ಕಳಿಗೆ ಜಾಕೆಟ್ ತೊಡಿಸಿ, ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿವರೆಗೆ ಜಾರಿ ಬಂತಾ? ಹಾಗಾದರೆ ಅದು ಮಗುವಿನ ಅಳತೆಯದ್ದಲ್ಲ, ಬೇರೆ ಕೇಳಿ. ಬೇರೆ ಇಲ್ಲ ಅಂದರೆ ಇಳಿದುಬಿಡಿ.

ಪಾರ್ಕಿನ ಕೆರೆಯ ಪುಟ್ಟ ದೋಣಿಗೆ ಇದೆಲ್ಲ ಯಾಕೆ ಅಂತ ಕೆಲವರ ವಾದ. 2021ರ ಕಾಯ್ದೆಯ ಹೆಚ್ಚಿನ ನಿಯಮಗಳಿರುವುದು ಇಂಜಿನ್ ಇದ್ದವಕ್ಕೆ, ಸರಿ. ಆದರೆ ನ್ಯಾಯ ಸಂಹಿತೆಯಲ್ಲಿ ನೀರಿನ ಮೇಲೆ ಜನರನ್ನೋ ಸರಕನ್ನೋ ಒಯ್ಯಲು ಮಾಡಿದ್ದೆಲ್ಲ ದೋಣಿಯೇ. ಬಾಡಿಗೆಗೆ ಹುಟ್ಟು ಹಾಕಿ ಕರೆದೊಯ್ಯುವವನಿಗೂ 284 ತಪ್ಪಿದ್ದಲ್ಲ.

ಕೊನೆಗೊಂದು, ನೀವು ಕೇಳದ್ದು. ವಲಿಯಪರಂಬದಿಂದ ಹಿಂತಿರುಗುವಾಗ ಬೇಕಲಕ್ಕೆ ಹೋಗದೆ ಇರುತ್ತೀರಾ? ಅಲ್ಲಿನ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗೋಡೆ ಮೇಲೆ ಹೆಸರು ಕೆತ್ತಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆ ಕಲ್ಲಿಗೆ ಅಷ್ಟು ಬೆಲೆ ಕೊಟ್ಟದ್ದು ಸರಿಯೇ. ಆದರೆ ಬೋಟಿನ ತುಂಬ ಜನ ತುಂಬಿಸಿದವನಿಗೆ ಬರೀ 5,000 ಅನ್ನುವುದು ಮಾತ್ರ ನನಗೆ ಇನ್ನೂ ಜೀರ್ಣವಾಗಿಲ್ಲ.