ಅಡ್ಡಗಾಳಿಗೆ ಕ್ಯಾರವಾನ್ ಮೂತಿ ಯಾಕೆ ತಿರುಗುತ್ತದೆ?

ಕಡೂರಿನಿಂದ ಬಾಣಾವರ ದಾಟಿ ಅರಸೀಕೆರೆಗೆ ಹೋಗುವ ರಸ್ತೆಯಲ್ಲಿ, ಆಷಾಢದ ಮಧ್ಯಾಹ್ನ ಎತ್ತರದ ಗಾಡಿ ಓಡಿಸಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ. ಸ್ಟೇರಿಂಗನ್ನು ಒಂದು ಕಡೆಗೆ ಎಳೆದು ಹಿಡಿದೇ ಇರಬೇಕು. ತೆಂಗಿನ ತೋಟದ ಮರೆಯಲ್ಲಿ ಗಾಡಿ ನೆಟ್ಟಗೆ ಹೋಗುತ್ತದೆ. ತೋಟ ಮುಗಿದು ಬಯಲು ಬಂದ ಕೂಡಲೇ ಮೂತಿ ಪಕ್ಕಕ್ಕೆ ಜರುಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಟೆಂಪೊ ಟ್ರಾವೆಲರ್ ಓಡಿಸುವವರಿಗೆ ಚೆನ್ನಾಗಿ ತಿಳಿಯುತ್ತದೆ. ಅದೇ ಗಾಡಿಯೊಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಎಲ್ಲ ಕೂರಿಸಿ ಕ್ಯಾರವಾನ್ ಮಾಡಿಕೊಂಡವರಿಗಂತೂ ಮೊದಲ ಮಳೆಗಾಲದಲ್ಲೇ ತಿಳಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಮಾಲಿಯಾ ಕರಾವಳಿಯಿಂದ ಅರಬ್ಬಿ ಸಮುದ್ರದ ಮೇಲೆ ಹಾದು ನಮ್ಮ ಕಡೆಗೆ ಬಲವಾದ ಗಾಳಿಯ ಒಂದು ಪಟ್ಟಿ ಬೀಸುತ್ತದೆ. 1969ರಲ್ಲಿ ಜಾನ್ ಫಿಂಡ್ಲೇಟರ್ ಎಂಬ ಬ್ರಿಟಿಷ್ ಹವಾಮಾನ ತಜ್ಞರು ಇದನ್ನು ವಿವರವಾಗಿ ಗುರುತಿಸಿದರು. ಇದರ ಜೋರು ಜಾಸ್ತಿ ಇರುವುದು ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಘಟ್ಟದ ನೆತ್ತಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ ಅಲ್ವಾ? ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರ್ ದಾಟಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಮೋಡ ತನ್ನ ನೀರನ್ನೆಲ್ಲ ಚಾರ್ಮಾಡಿ, ಶೃಂಗೇರಿ, ಕೊಪ್ಪದ ಕಡೆ ಸುರಿದು ಮುಗಿಸುತ್ತದೆ. ಕಡೂರಿನ ಬಯಲಿಗೆ ಇಳಿದು ಬರುವುದು ಬರೀ ಗಾಳಿ. ಮಳೆ ಮಲೆನಾಡಿಗೆ, ಗಾಳಿ ಮಾತ್ರ ತಮಗೆ ಎಂದು ಅಲ್ಲಿನವರು ಗೊಣಗುವುದರಲ್ಲಿ ತಪ್ಪೇನಿಲ್ಲ.

ಈ ಗಾಳಿ ಬರುವುದು ಪಶ್ಚಿಮ, ನೈರುತ್ಯದಿಂದ. ಈಗ ಭೂಪಟ ತೆಗೆದು ನೋಡಿ. ಬೆಂಗಳೂರಿನಿಂದ ಚನ್ನರಾಯಪಟ್ಟಣ, ಹಾಸನದ ಕಡೆಗೆ ಬರುವಾಗ ಗಾಳಿ ಬಹುಮಟ್ಟಿಗೆ ಎದುರಿಗೆ ಸಿಗುತ್ತದೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಅಷ್ಟೇ. ಕಡೂರು–ಅರಸೀಕೆರೆ ರಸ್ತೆ ವಾಯವ್ಯದಿಂದ ಆಗ್ನೇಯಕ್ಕೆ ಹೋಗುತ್ತದೆ. ಅಂದರೆ ಗಾಳಿಗೆ ಪೂರ್ತಿ ಅಡ್ಡ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಡೂರಿನಿಂದ ಅರಸೀಕೆರೆಗೆ ಹೋಗುವಾಗ ಗಾಳಿ ಬಲಗಡೆಯಿಂದ ಬಡಿದು ಗಾಡಿಯನ್ನು ಎಡಕ್ಕೆ, ಮಣ್ಣಿನ ಅಂಚಿನ ಕಡೆಗೆ ನೂಕುತ್ತದೆ. ವಾಪಸ್ ಬರುವಾಗ ಎಡಗಡೆಯಿಂದ ಬಡಿದು ಬಲಕ್ಕೆ ನೂಕುತ್ತದೆ. ಬಲಗಡೆ ಇರುವುದು ಡಿವೈಡರ್, ಅದಿಲ್ಲದ ಕಡೆ ಎದುರಿನ ಲಾರಿ. ರಸ್ತೆ ಒಂದೇ, ಗಾಳಿಯೂ ಒಂದೇ, ಆದರೆ ವಾಪಸ್ ದಾರಿ ಹೆಚ್ಚು ಅಪಾಯದ್ದು.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಆರು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಗಾಡಿ ಅಂದರೆ ಪಕ್ಕದಲ್ಲಿ 15 ಚದರ ಮೀಟರ್‌ನ ಗೋಡೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಈ ಗೋಡೆಗೆ ನೇರ ಅಡ್ಡ ಬಡಿದರೆ ಸುಮಾರು 150 ಕೆಜಿ ತೂಕದಷ್ಟು ಬಲ ಬೀಳುತ್ತದೆ. (ನಮ್ಮ ಎತ್ತರದಲ್ಲಿ ಗಾಳಿ ಮಂಗಳೂರಿಗಿಂತ ಹತ್ತನೇ ಒಂದು ಭಾಗದಷ್ಟು ತೆಳು. ಆ ರಿಯಾಯಿತಿಯನ್ನೂ ಕಳೆದೇ ಈ ಲೆಕ್ಕ.) ಅದೇ ಗಾಳಿ 100 ಕಿಲೋಮೀಟರ್ ವೇಗಕ್ಕೆ ಏರಿದರೆ 600 ಕೆಜಿ.

ಹಾಗಾದರೆ ಗಾಡಿ ಮಗುಚಿ ಬೀಳುತ್ತದಾ? ಎಲ್ಲರೂ ಮೊದಲು ಹೆದರುವುದು ಇದಕ್ಕೇ. ಸುಮ್ನೆ ಲೆಕ್ಕ ಹಾಕಿ ನೋಡಿದರೆ ಆ ಭಯಕ್ಕೆ ಅಷ್ಟು ಆಧಾರವಿಲ್ಲ. ಮೂರೂವರೆ ಟನ್ನಿನ ಗಾಡಿ, ಎಡ–ಬಲ ಚಕ್ರಗಳ ನಡುವೆ 1.7 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಅದರ ಒಂದು ಬದಿಯ ಚಕ್ರ ನೆಲ ಬಿಡಬೇಕಾದರೆ ಪಕ್ಕದಿಂದ ಎರಡು ಟನ್ನಿನ ಹತ್ತಿರ ಬಲ ಬೀಳಬೇಕು. ನಿಂತ ಗಾಡಿಗೆ ಅಷ್ಟು ಬಲ ಕೊಡಲು 150 ಕಿಲೋಮೀಟರ್‌ಗೂ ಮೀರಿದ ಬಿರುಗಾಳಿ ಬೇಕು. ಖಾಲಿ ಕಂಟೇನರ್ ಲಾರಿಯ ಕಥೆ ಬೇರೆ, ಅದರ ಗೋಡೆ ದೊಡ್ಡದು, ತೂಕ ಕಮ್ಮಿ. ತುಂಬಿದ ಕ್ಯಾರವಾನ್ ಅಷ್ಟು ಸುಲಭಕ್ಕೆ ಮಗುಚುವುದಿಲ್ಲ.

ನಿಜವಾದ ತೊಂದರೆ ಮೂತಿ ತಿರುಗುವುದರಲ್ಲಿದೆ. ಓಡುತ್ತಿರುವ ಗಾಡಿಗೆ ಅಡ್ಡಗಾಳಿ ಬಡಿದಾಗ ಅದರ ಬಲವೆಲ್ಲ ಒಂದು ಬಿಂದುವಿನಲ್ಲಿ ಬಿದ್ದಂತೆ ಲೆಕ್ಕ ಹಾಕಬಹುದು. ಡಬ್ಬದ ಆಕಾರದ ಗಾಡಿಗಳಲ್ಲಿ ಈ ಬಿಂದು ಮುಂಭಾಗದ ಕಡೆ ಇರುತ್ತದೆ. ಗಾಡಿಯ ತೂಕದ ಕೇಂದ್ರ ಅದಕ್ಕಿಂತ ಹಿಂದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಅಲುಗುವುದಿಲ್ಲ, ದೂರದ ತುದಿಯಲ್ಲಿ ತಳ್ಳಿದರೆ ಬೆರಳಿಗೇ ತೆರೆದುಕೊಳ್ಳುತ್ತದೆ. ಇಲ್ಲೂ ಅಷ್ಟೇ. ಗಾಳಿ ಬಡಿಯುವ ಬಿಂದುವಿಗೂ ತೂಕದ ಕೇಂದ್ರಕ್ಕೂ ದೂರ ಜಾಸ್ತಿಯಾದಷ್ಟೂ ಮೂತಿ ಸಲೀಸಾಗಿ ತಿರುಗುತ್ತದೆ.

ತಿರುಗುವುದು ಎಷ್ಟು? ಬರೀ 2 ಡಿಗ್ರಿ ಅಂದುಕೊಳ್ಳಿ, ಕಣ್ಣಿಗೆ ಕಾಣದಷ್ಟು. 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಡ್ರೈವರ್ ಎಚ್ಚೆತ್ತು ಸ್ಟೇರಿಂಗ್ ತಿದ್ದಲು ಆ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಹೆದ್ದಾರಿಯ ಒಂದು ಲೇನ್ 3.5 ಮೀಟರ್ ಅಗಲ, ಗಾಡಿ 2.2 ಮೀಟರ್. ಎರಡೂ ಕಡೆ ಉಳಿಯುವ ಜಾಗ 65 ಸೆಂಟಿಮೀಟರ್. ಅಂದರೆ ಡ್ರೈವರ್ ಕೈ ಅಲುಗಿಸುವ ಮೊದಲೇ ಚಕ್ರ ಪಕ್ಕದ ಲೇನಿನಲ್ಲಿದೆ. ಗಾಬರಿಯಲ್ಲಿ ಸ್ಟೇರಿಂಗ್ ಜೋರಾಗಿ ಎಳೆಯುವುದು ಆಗಲೇ. ಅದೇ ಹೊತ್ತಿಗೆ ಗಾಳಿ ನಿಂತರೆ ಎಳೆದ ಕಡೆಗೇ ಗಾಡಿ ನುಗ್ಗುತ್ತದೆ. ಅಪಘಾತ ಆಗುವುದು ಹೆಚ್ಚಾಗಿ ಈ ಎರಡನೇ ಎಳೆತದಲ್ಲಿ.

ಹಾಗಾಗಿ ಗಾಡಿಯ ಮೇಲೆ ನಾವು ಮಾಡುವ ಕೆಲಸವೆಲ್ಲ ಎರಡೇ ಪ್ರಶ್ನೆಗೆ ಉತ್ತರ. ಮೂತಿ ಕಮ್ಮಿ ತಿರುಗಬೇಕು, ತಿರುಗಿದ್ದನ್ನು ತಿದ್ದಿದಾಗ ಗಾಡಿ ತಕ್ಷಣ ಕೇಳಬೇಕು. ಈ ಎರಡನ್ನೂ ಕೆಡಿಸುವುದು ಹಿಂಭಾಗದ ಭಾರ.

ನಮ್ಮ ಭಾವ ಹಳೇ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸಿಕೊಂಡಿದ್ದರು. ಗಾಳಿಗೆ ತುಂಬಾ ಓಲಾಡುತ್ತದೆ ಎಂದು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುವ ಯೋಚನೆಯಲ್ಲಿದ್ದರು. ಅದಕ್ಕೆ ಮೊದಲು ತೂಕ ಹಾಕಿಸೋಣ ಎಂದು ಹಾಸನದ ಹೊರಗಿನ ವೇ ಬ್ರಿಡ್ಜ್‌ಗೆ ಹೋದೆವು. ಮುಂದೆ ಶುಂಠಿ ಲಾರಿಗಳ ಸಾಲು.

"ಏನ್ ಲೋಡ್ ಅಣ್ಣಾ?" ಎಂದ ತೂಕದ ಹುಡುಗ.

"ಲೋಡ್ ಏನಿಲ್ಲಪ್ಪ, ಮನೆ" ಎಂದರು ಭಾವ.

ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು ಚೀಟಿ. ಹುಡುಗ ಎರಡನ್ನೂ ನೋಡಿ, "ಮುಂದೆ ಏನೂ ಇಲ್ವಲ್ಲಣ್ಣ, ಹಿಂದೆ ಏನ್ ತುಂಬಿದ್ದೀರಾ?" ಎಂದ. ದಿನವಿಡೀ ಲಾರಿ ತೂಗುವವನಿಗೆ ಅಂಕಿ ನೋಡಿದರೆ ಸಾಕು. ಹಿಂದಿನ ಬಾಗಿಲು ತೆಗೆದು ನೋಡಿದರೆ ನೀರಿನ ಟ್ಯಾಂಕು, ಎರಡು ಬ್ಯಾಟರಿ, ಗ್ಯಾಸ್ ಸಿಲಿಂಡರ್, ಟೂಲ್ ಪೆಟ್ಟಿಗೆ ಎಲ್ಲ ಒಂದೇ ಕಡೆ. ಜೊತೆಗೆ ಹೊರಗಡೆ ಕಟ್ಟಿದ ಸೈಕಲ್ಲು.

ಹಿಂದಿನ ಚಕ್ರದಾಚೆ ಇಟ್ಟ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 4 ಮೀಟರ್ ಇದ್ದು, ಹಿಂದಿನ ಚಕ್ರದಿಂದ ಒಂದೂವರೆ ಮೀಟರ್ ಆಚೆ 100 ಕೆಜಿ ಇಟ್ಟಿರೆನ್ನಿ. ಮುಂದಿನ ಆಕ್ಸಲ್ ಮೇಲಿನ ತೂಕ 37 ಕೆಜಿಗೂ ಜಾಸ್ತಿ ಕಮ್ಮಿಯಾಗುತ್ತದೆ. ಹಿಂದಿನದರ ಮೇಲೆ 137ಕ್ಕೂ ಜಾಸ್ತಿ ಏರುತ್ತದೆ. ಸ್ಟೇರಿಂಗ್ ಮಾಡುವ ಚಕ್ರಕ್ಕೆ ನೆಲದ ಹಿಡಿತ ಕಮ್ಮಿಯಾಯಿತು. ತೂಕದ ಕೇಂದ್ರವೂ ಹಿಂದೆ ಸರಿದು, ಗಾಳಿ ಬಡಿಯುವ ಬಿಂದುವಿಗೂ ಅದಕ್ಕೂ ಇರುವ ದೂರ ಬೆಳೆಯಿತು. ಭಾವ ಟ್ಯಾಂಕನ್ನೂ ಬ್ಯಾಟರಿಗಳನ್ನೂ ಎರಡು ಆಕ್ಸಲ್‌ಗಳ ನಡುವೆ ನೆಲಮಟ್ಟಕ್ಕೆ ತರಿಸಿದರು. ಶಾಕ್ ಅಬ್ಸಾರ್ಬರ್ ವಿಚಾರ ಆಮೇಲೆ ಅವರೇ ಎತ್ತಲಿಲ್ಲ. ನೀರಿನ ಬಗ್ಗೆ ಇನ್ನೊಂದು ಮಾತು: ಟ್ಯಾಂಕು ತುಂಬಿರಲಿ ಅಥವಾ ಖಾಲಿ ಇರಲಿ. ಅರ್ಧ ತುಂಬಿದ ನೀರು ಗಾಡಿ ಓಲಾಡಿದಾಗ ತಾನೂ ಒಂದು ಪಕ್ಕಕ್ಕೆ ನುಗ್ಗುತ್ತದೆ. ಛಾವಣಿಯ ಮೇಲಿನ ಕ್ಯಾರಿಯರ್‌ಗೆ ಭಾರ ಹೇರುವುದಂತೂ ಬೇಡವೇ ಬೇಡ.

ಎರಡನೆಯದು ಟೈರಿನ ಗಾಳಿ. ಟೈರು ಪಕ್ಕದ ಬಲವನ್ನು ತಡೆಯುವ ರೀತಿ ಸ್ವಲ್ಪ ವಿಚಿತ್ರ. ಅದು ತಾನು ಹೋಗುವ ದಿಕ್ಕಿಗೆ ಚೂರು ಓರೆಯಾಗಿ ಉರುಳಬೇಕು. ಆಗ ರಬ್ಬರ್ ತಿರುಚಿ ಎದುರು ಬಲ ಹುಟ್ಟುತ್ತದೆ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕದ ಗೋಡೆ ಮೆತ್ತಗಾಗಿ, ಅಷ್ಟೇ ಬಲಕ್ಕೆ ಜಾಸ್ತಿ ಓರೆ ಬೇಕಾಗುತ್ತದೆ. ಸ್ಟೇರಿಂಗ್ ತಿರುಗಿಸಿದ ಮೇಲೆ ಗಾಡಿ ಯೋಚನೆ ಮಾಡಿ ತಿರುಗಿದ ಹಾಗೆ ಅನ್ನಿಸುವುದು ಇದರಿಂದಲೇ. ಬೆಳಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿರುವಾಗ, ಚೀಟಿಯಲ್ಲಿರುವ ತೂಕಕ್ಕೆ ಕಂಪನಿ ಹೇಳಿದಷ್ಟು ಹಾಕಿಸಿ. ಇನ್ನೂ ಗಟ್ಟಿಯಾಗಲಿ ಎಂದು ಮೇಲೆ ಹಾಕಿಸಬೇಡಿ. ಟೈರಿನ ನಡುಭಾಗ ಮಾತ್ರ ನೆಲ ಹಿಡಿದು, ಮಳೆಯಲ್ಲಿ ಜಾರುತ್ತದೆ.

ಸ್ಟೇರಿಂಗ್ ಪ್ಲೇ, ಅಂದರೆ ಸ್ಟೇರಿಂಗಿನಲ್ಲಿರುವ ಸಡಿಲ, ನೋಡುವುದು ಸುಲಭ. ಎಂಜಿನ್ ಆನ್ ಮಾಡಿ, ಚಕ್ರ ನೇರ ಇಟ್ಟು, ಸ್ಟೇರಿಂಗನ್ನು ಎರಡೇ ಬೆರಳಲ್ಲಿ ಆಚೆ ಈಚೆ ಮೆಲ್ಲಗೆ ಅಲ್ಲಾಡಿಸಿ. ಇನ್ನೊಬ್ಬರು ಹೊರಗೆ ಕೂತು ಮುಂದಿನ ಟೈರನ್ನೇ ನೋಡುತ್ತಿರಲಿ. ನಿಮ್ಮ ಬೆರಳು ಗಮನಕ್ಕೆ ಬರುವಷ್ಟು ಸರಿದರೂ ಟೈರು ಅಲುಗದಿದ್ದರೆ, ಚಕ್ರ ತಿರುಗಿಸುವ ರಾಡಿನ ತುದಿಯ ಕೀಲೋ (ಟೈ ರಾಡ್ ಎಂಡ್) ಸ್ಟೇರಿಂಗ್ ಬಾಕ್ಸೋ ಸವೆದಿದೆ. ಗಾಳಿಯಲ್ಲಿ ನೀವು ಮೊದಲು ಆ ಸಡಿಲವನ್ನು ತುಂಬಬೇಕು, ಗಾಡಿ ತಿರುಗುವುದು ಆಮೇಲೆ. ಆ ಒಂದು ಸೆಕೆಂಡಿನ ಲೆಕ್ಕ ಇಲ್ಲಿ ಇನ್ನೂ ಹಿಗ್ಗುತ್ತದೆ. ವೀಲ್ ಅಲೈನ್‌ಮೆಂಟನ್ನು ಸಾಮಾನು ತುಂಬಿದ ಗಾಡಿಗೇ ಮಾಡಿಸಿ. ಖಾಲಿ ಇದ್ದಾಗಲೇ ಮಾಡಿಸಿಬಿಟ್ಟು ಆಮೇಲೆ ಮನೆ ಕಟ್ಟಿದರೆ ಸ್ಪ್ರಿಂಗ್ ಕುಸಿದು ಕೋನಗಳೆಲ್ಲ ಬದಲಾಗಿರುತ್ತವೆ.

ಇಷ್ಟೂ ಆದಮೇಲೆ ಬಿಡಿಭಾಗಗಳ ಮಾತು. ಆಂಟಿ ರೋಲ್ ಬಾರ್ ಗಾಡಿ ಪಕ್ಕಕ್ಕೆ ವಾಲುವುದನ್ನು ಕಮ್ಮಿ ಮಾಡುತ್ತದೆ. ಲೀಫ್ ಸ್ಪ್ರಿಂಗ್ ಗಾಡಿಗಳಲ್ಲಿ ಆಕ್ಸಲ್ ಅಡ್ಡಡ್ಡ ಜರುಗದಂತೆ ಹಿಡಿಯಲು ಚಾಸಿಗೂ ಆಕ್ಸಲ್‌ಗೂ ನಡುವೆ ಒಂದು ಅಡ್ಡ ರಾಡ್ ಹಾಕುತ್ತಾರೆ. ಅಮೆರಿಕದ ದೊಡ್ಡ ಮೋಟರ್‌ಹೋಮ್‌ಗಳಲ್ಲಿ ಇದು ಮಾಮೂಲು. ಎರಡೂ ಒಳ್ಳೆಯವೇ. ಸ್ಟೇರಿಂಗ್ ಡ್ಯಾಂಪರ್ ಬಗ್ಗೆ ಮಾತ್ರ ನನಗೆ ಅಷ್ಟು ಒಲವಿಲ್ಲ. ಅದು ನಡುಕವನ್ನು ಅಡಗಿಸುತ್ತದೆ, ಸವೆತವನ್ನು ಸರಿ ಮಾಡುವುದಿಲ್ಲ. ಮರ್ಸಿಡಿಸ್ ಕಂಪನಿ 2013ರ ಸ್ಪ್ರಿಂಟರ್ ವ್ಯಾನಿನಲ್ಲಿ ಅಡ್ಡಗಾಳಿಗೆಂದೇ ಒಂದು ವ್ಯವಸ್ಥೆ ತಂದಿತು. 80 ಕಿಲೋಮೀಟರ್ ದಾಟಿದ ಮೇಲೆ, ಸೆನ್ಸರ್‌ಗಳು ಗಾಳಿಯ ಹೊಡೆತವನ್ನು ಗುರುತಿಸಿ, ಗಾಳಿ ಬಡಿದ ಬದಿಯ ಚಕ್ರಗಳಿಗೆ ತಾವೇ ಚೂರು ಬ್ರೇಕ್ ಹಾಕಿಸುತ್ತವೆ. ಆ ಬದಿ ಹಿಂದುಳಿದು, ಮೂತಿ ಗಾಳಿಯ ಕಡೆಗೆ ವಾಪಸ್ ಬರುತ್ತದೆ. ನಮ್ಮ ಹಳೇ ಟ್ರಾವೆಲರ್‌ಗಳಲ್ಲಿ ಆ ಕೆಲಸ ಡ್ರೈವರ್‌ದೇ.

ಡ್ರೈವರ್ ಕೈಯಲ್ಲಿರುವ ಅತಿ ದೊಡ್ಡ ಉಪಾಯ ಆಕ್ಸಿಲರೇಟರ್. ಗಾಳಿ ನೂಕುವ ಬಲ ಗಾಳಿಯ ವೇಗವೊಂದನ್ನೇ ಅವಲಂಬಿಸಿಲ್ಲ. ಗಾಡಿ ಓಡುವಾಗ ಎದುರಿನ ಗಾಳಿ, ಅಡ್ಡಗಾಳಿ ಎರಡೂ ಸೇರಿ ಓರೆಯಾಗಿ ಬಡಿಯುತ್ತವೆ. ನೀವು 80ರಲ್ಲಿದ್ದು ಅಡ್ಡಗಾಳಿ 50ರಲ್ಲಿದ್ದರೆ, ಗಾಡಿಗೆ ಬಡಿಯುವುದು 94 ಕಿಲೋಮೀಟರ್ ವೇಗದ ಗಾಳಿ. ಪಕ್ಕಕ್ಕೆ ನೂಕುವ ಬಲ ಹೆಚ್ಚುಕಡಿಮೆ ಗಾಡಿಯ ವೇಗ ಮತ್ತು ಅಡ್ಡಗಾಳಿಯ ವೇಗ ಎರಡರ ಗುಣಲಬ್ಧದಂತೆ ಏರುತ್ತದೆ. ಅಡ್ಡಗಾಳಿಯನ್ನು ನಾವು ಇಳಿಸಲು ಆಗುವುದಿಲ್ಲ. 80ರಿಂದ 60ಕ್ಕೆ ಇಳಿದರೆ ಆ ಬಲದಲ್ಲಿ ಕಾಲು ಭಾಗದ ಆಸುಪಾಸು ಇಳಿಯುತ್ತದೆ, ಒಂದು ಸೆಕೆಂಡಿನಲ್ಲಿ ಹೋಗುವ ದೂರವೂ ಇಳಿಯುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸುವ ಯಾವ ರಾಡೂ ಇಷ್ಟು ಕೊಡುವುದು ಅನುಮಾನ.

ಗಾಳಿಯನ್ನು ಮೊದಲೇ ಓದಬಹುದು. ಕಾಫಿ ತೋಟದ ಸಿಲ್ವರ್ ಮರಗಳ ಎಲೆ ಮೇಲೆ ಹಸಿರು, ಕೆಳಗೆ ಬೆಳ್ಳಿ ಬಣ್ಣ. ಮರ ಪೂರ್ತಿ ಬೆಳ್ಳಗೆ ಕಂಡರೆ ಗಾಳಿ ಎಲೆಗಳನ್ನು ಮಗುಚಿ ಹಾಕಿದೆ ಎಂದರ್ಥ. ಹಾಸನ–ಅರಸೀಕೆರೆ ಕಡೆ ತೆಂಗಿನ ಗರಿಗಳೆಲ್ಲ ಒಂದೇ ಬದಿಗೆ ಬಾಚಿಕೊಂಡಿರುತ್ತವೆ. ಫ್ರಾನ್ಸಿಸ್ ಬೋಫರ್ಟ್ ಎಂಬ ನೌಕಾಧಿಕಾರಿ 1805ರಲ್ಲಿ ಶುರು ಮಾಡಿದ ಗಾಳಿಯ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ದೊಡ್ಡ ಕೊಂಬೆಗಳು ಅಲುಗಿ, ಕೊಡೆ ಹಿಡಿಯುವುದು ಕಷ್ಟವಾದರೆ ಗಾಳಿ 40–50 ಕಿಲೋಮೀಟರ್. ಇಡೀ ಮರ ಓಲಾಡಿದರೆ 50–60. ಸಣ್ಣ ರೆಂಬೆ ಮುರಿದು ಬೀಳುತ್ತಿದ್ದರೆ 60 ದಾಟಿದೆ, ಎಲ್ಲಾದರೂ ನಿಲ್ಲಿಸಿ ಕಾಫಿ ಕುಡಿಯುವುದೇ ವಾಸಿ.

ಬಸ್ಸನ್ನೋ ಲಾರಿಯನ್ನೋ ಓವರ್‌ಟೇಕ್ ಮಾಡುವಾಗ ಬೇರೆ ಎಚ್ಚರ ಬೇಕು. ಅದರ ಮರೆಗೆ ಹೋದಾಗ ಗಾಳಿ ಪಕ್ಕನೆ ನಿಲ್ಲುತ್ತದೆ, ನೀವು ಎಳೆದು ಹಿಡಿದಿದ್ದ ಸ್ಟೇರಿಂಗ್ ಗಾಡಿಯನ್ನು ಆ ಬಸ್ಸಿನ ಕಡೆಗೇ ಒಯ್ಯುತ್ತದೆ. ಮುಂದೆ ದಾಟಿದ ಕೂಡಲೇ ಗಾಳಿ ಮತ್ತೆ ಪೂರ್ತಿ ಬಡಿಯುತ್ತದೆ. ಗುಡ್ಡ ಕೊರೆದ ರಸ್ತೆಯಿಂದ ಬಯಲಿಗೆ ಬರುವಾಗ, ಸೇತುವೆ ಹತ್ತುವಾಗಲೂ ಹೀಗೇ. ಮರೆ ಮುಗಿಯುವ ಮೊದಲೇ ಕಾಲು ಸಡಿಲಿಸಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿಯಿರಿ. ಬಿಗಿಯಾಗಿ ಹಿಡಿಯಿರಿ ಎನ್ನುತ್ತಿಲ್ಲ. ಬಿಗಿ ಹಿಡಿದ ಕೈ ಚಿಕ್ಕ ತಿದ್ದುವಿಕೆ ಮಾಡಲಾರದು.

ರಾತ್ರಿ ತಂಗುವಾಗ ಮೂತಿಯನ್ನು ಪಶ್ಚಿಮಕ್ಕೆ ಮಾಡಿ ನಿಲ್ಲಿಸಿ. 15 ಚದರ ಮೀಟರ್‌ನ ಗೋಡೆಯ ಬದಲು ಗಾಳಿಗೆ ಐದೋ ಆರೋ ಚದರ ಮೀಟರ್ ಮಾತ್ರ ಸಿಗುತ್ತದೆ. ಪಕ್ಕದ ಚಪ್ಪರವನ್ನು ಮಲಗುವ ಮೊದಲು ಮಡಚಿಡಿ, ನಡುರಾತ್ರಿ ಗಾಳಿ ಎದ್ದಾಗ ಅದನ್ನು ಹಿಡಿಯಲು ಇಬ್ಬರು ಸಾಲುವುದಿಲ್ಲ. ಸಿಲ್ವರ್ ಮರದ ಕೆಳಗೆ ಮಾತ್ರ ಗಾಡಿ ಹಾಕಬೇಡಿ, ಅದರ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ.