ಹಿಂದೆ ಬೀಳುತ್ತಿದ್ದ ಬಾಂಬು ಮುಂದಕ್ಕೆ ಬಂದ ಕತೆ

ಡೆಪ್ತ್ ಚಾರ್ಜ್ ಅಂದರೆ ನೀರಿನಡಿ ಅಡಗಿದ ಸಬ್‌ಮರೀನನ್ನು ಹೊಡೆಯಲು ಹಡಗಿನಿಂದ ಹಾಕುವ ಬಾಂಬು. ನೋಡೋಕೆ ಏನೂ ವಿಶೇಷವಿಲ್ಲ. ಎಣ್ಣೆ ಡ್ರಮ್ಮಿನಂಥ ಡಬ್ಬ, ಒಳಗೆ ಸ್ಫೋಟಕ. 1916ರಲ್ಲಿ ಬ್ರಿಟಿಷ್ ನೌಕಾಪಡೆ ಬಳಕೆಗೆ ತಂದ 'ಟೈಪ್ ಡಿ'ಯಲ್ಲಿ ಸುಮಾರು 136 ಕಿಲೋ ತುಂಬುತ್ತಿದ್ದರು. ಜಾಣತನ ಇದ್ದದ್ದು ಅದರ ಕೀಲಿನಲ್ಲಿ. ಆಳಕ್ಕೆ ಇಳಿದಷ್ಟೂ ನೀರಿನ ಒತ್ತಡ ಹೆಚ್ಚುತ್ತದೆ ಅಲ್ವಾ? ಮೊದಲೇ ಗೊತ್ತುಮಾಡಿದ ಆಳದಲ್ಲಿ ಆ ಒತ್ತಡ ಒಳಗಿನ ಸ್ಪ್ರಿಂಗನ್ನು ಅದುಮುತ್ತದೆ. ಢಮಾರ್.

ಎಸೆಯೋದು ಹೇಗೆ? ಸುಮ್ನೆ ಹಡಗಿನ ಹಿಂಭಾಗದಿಂದ ಉರುಳಿಸಿಬಿಡೋದು. ವೇಗವಾಗಿ ಓಡುವ ಹಡಗಾದರೆ ಸರಿ. ನಿಧಾನದ್ದಾದರೆ ತನ್ನ ಬಾಂಬಿಗೆ ತಾನೇ ತುತ್ತಾಗುವ ಭಯ. ಅಂಥ ಹಡಗುಗಳಿಗೆಂದೇ ಚಿಕ್ಕ ಬಾಂಬು ಮಾಡಬೇಕಾಯಿತು.

1917ರಲ್ಲಿ ಥಾರ್ನಿಕ್ರಾಫ್ಟ್ ಕಂಪನಿಯ ಎಸೆಯುವ ಯಂತ್ರ ಬಂತು. ಗಿಡ್ಡ ಫಿರಂಗಿಯ ಬಾಯಿಗೆ ಒಂದು ದಪ್ಪ ಕಂಬ, ಕಂಬದ ತಲೆಯ ಮೇಲೆ ಕಟ್ಟಿದ ಡ್ರಮ್ಮು. ಮದ್ದು ಸಿಡಿದರೆ ಎರಡೂ ಒಟ್ಟಿಗೆ ಹಾರಿ ಪಕ್ಕಕ್ಕೆ ಸುಮಾರು 36 ಮೀಟರ್ ದೂರ ಬೀಳುತ್ತಿದ್ದವು. ಪ್ರತಿ ಸಲವೂ ಒಂದು ಕಂಬ ಸಮುದ್ರದ ಪಾಲು! ಅದೇ ವರ್ಷ ಅಮೆರಿಕನ್ನರು ಎರಡು ನಳಿಗೆಯ 'ವೈ ಗನ್' ಮಾಡಿದರು. ಎರಡೂ ಬದಿಗೆ ಒಂದೇ ಸಲ ಎಸೆಯುತ್ತಿತ್ತು, ಆದರೆ ಹಡಗಿನ ನಡುಮಧ್ಯದ ಜಾಗ ತಿನ್ನುತ್ತಿತ್ತು. 1942ರ ಹೊತ್ತಿಗೆ ಅಂಚಿನಲ್ಲೇ ಕೂರಿಸಬಹುದಾದ ಒಂಟಿ ನಳಿಗೆಯ 'ಕೆ ಗನ್' ಅದರ ಜಾಗಕ್ಕೆ ಬಂತು.

ಇವೆಲ್ಲ ಬಾಂಬುಗಳನ್ನು ಅಗಲವಾಗಿ ಹರಡಿದವು, ನಿಜ. ಆದರೆ ಮೂಲ ತೊಂದರೆ ಹಾಗೇ ಉಳಿಯಿತು. ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ಸಬ್‌ಮರೀನ್ ಪತ್ತೆಹಚ್ಚುವ ಆ ಕಾಲದ ಸೋನಾರ್, ಬ್ರಿಟಿಷರ ಬಾಯಲ್ಲಿ 'ಆಸ್ಡಿಕ್', ಮುಂದಕ್ಕೆ ಹಿಡಿದ ಟಾರ್ಚಿನ ಹಾಗೆ. ಹಡಗು ಸಬ್‌ಮರೀನಿನ ಹತ್ತಿರ ಬಂದಷ್ಟೂ ಅದು ಟಾರ್ಚಿನ ಬೆಳಕಿನ ಕೆಳಗೆ ಜಾರುತ್ತದೆ. ಬಾಂಬು ಬೀಳಬೇಕಾದರೋ ಹಡಗು ಅದರ ತಲೆಯ ಮೇಲೇ ಹಾದುಹೋಗಬೇಕು. ಅಂದರೆ ಹೊಡೆಯುವ ಹೊತ್ತಿಗೆ ಸರಿಯಾಗಿ ಕಣ್ಣು ಕುರುಡು.

ಲೆಕ್ಕ ಹಾಕಿ ನೋಡಿ. ಎರಡನೇ ಮಹಾಯುದ್ಧದ ಸಾಮಾನ್ಯ ಡೆಪ್ತ್ ಚಾರ್ಜ್ ಸೆಕೆಂಡಿಗೆ ಸುಮಾರು 3 ಮೀಟರ್ ಮುಳುಗುತ್ತಿತ್ತು. 100 ಮೀಟರ್ ಆಳಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ. ಕುರುಡಾದ ಹೊತ್ತನ್ನೂ ಸೇರಿಸಿ ಒಂದು ನಿಮಿಷ ಅಂತಿಟ್ಟುಕೊಳ್ಳಿ. ಗಂಟೆಗೆ 6 ನಾಟಿಕಲ್ ಮೈಲಿಯ ನಿಧಾನಗತಿಯ ಸಬ್‌ಮರೀನ್ ಕೂಡ ಅಷ್ಟರಲ್ಲಿ 180 ಮೀಟರ್ ದೂರ ಸರಿದಿರುತ್ತದೆ. ಬಾಂಬು ಅದರ ಉಕ್ಕಿನ ಮೈ ಸೀಳಬೇಕಾದರೆ ಆರೇಳು ಮೀಟರ್ ಒಳಗೆ ಸಿಡಿಯಬೇಕು. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಸಿ ತಡಕಿದವರಿಗೆ ಈ ಪಾಡು ಗೊತ್ತು. ಇಲ್ಲಿ ಕೊಡವೇ ಓಡಾಡುತ್ತಿರುತ್ತದೆ.

ಬ್ರಿಟಿಷ್ ಕ್ಯಾಪ್ಟನ್ ಫ್ರೆಡರಿಕ್ ಜಾನ್ ವಾಕರ್ ಯಂತ್ರವನ್ನು ಮುಟ್ಟದೆಯೇ ಒಂದು ಉಪಾಯ ಹೂಡಿದರು. ಒಂದು ಹಡಗು ದೂರ ನಿಂತು ಸೋನಾರ್ ಹಿಡಿದಿರಬೇಕು. ಇನ್ನೊಂದು ಅದರ ಮಾತು ಕೇಳಿಕೊಂಡು ಮೆಲ್ಲಗೆ ಮೇಲೆ ಬಂದು ಬಾಂಬು ಸುರಿಯಬೇಕು. ಸೊಗಸಾದ ಯೋಚನೆ, ಆದರೆ ಎರಡು ಹಡಗು ಬೇಕು.

ಒಂದೇ ಹಡಗಿಗೆ ಸಾಕಾಗುವ ದಾರಿ 'ಹೆಡ್ಜ್‌ಹಾಗ್' ಎಂಬ ಎಸೆಯುವ ಯಂತ್ರ. ಅದು ಬಾಂಬನ್ನು ಹಡಗಿನ ಮುಂದಕ್ಕೇ ಎಸೆಯಿತು. ಅದಕ್ಕೆ ನಳಿಗೆಯೇ ಇಲ್ಲ. ಓರೆಯಾಗಿ ನಿಂತ 24 ಸರಳುಗಳು, ಪ್ರತಿಯೊಂದಕ್ಕೂ ತೊಡಿಸಿದ ಒಂದು ಸಣ್ಣ ಬಾಂಬು. ಬಾಂಬು ಹಾರಿದ ಮೇಲೆ ಉಳಿದ ಸರಳುಗಳು ಮುಳ್ಳುಹಂದಿಯ ಬೆನ್ನಿನಂತೆ ಕಾಣುತ್ತಿದ್ದವು, ಅದಕ್ಕೇ ಆ ಹೆಸರು. ಸುಮಾರು 200 ಮೀಟರ್ ಮುಂದೆ ಬಳೆಯಾಕಾರದಲ್ಲಿ ಬೀಳುತ್ತಿದ್ದ ಈ ಬಾಂಬುಗಳು ತಗುಲಿದರೆ ಮಾತ್ರ ಸಿಡಿಯುತ್ತಿದ್ದವು. ಗುರಿ ತಪ್ಪಿದರೆ ಸದ್ದೇ ಇಲ್ಲ. ನೀರು ಕದಡುವುದಿಲ್ಲ, ಸೋನಾರ್ ಕೇಳುತ್ತಲೇ ಇರುತ್ತದೆ. ನಾವಿಕರಿಗೆ ಮಾತ್ರ ಮೊದಮೊದಲು ಇದು ಹಿಡಿಸಲಿಲ್ಲ. ದೊಡ್ಡ ಸದ್ದಾಗದಿದ್ದರೆ ಕೆಲಸ ಮಾಡಿದ ಹಾಗೆ ಅನ್ನಿಸುವುದಿಲ್ಲ ನೋಡಿ. ಅಂಕಿ ಬೇರೆಯೇ ಹೇಳಿತು. ಬ್ರಿಟಿಷರ ಲೆಕ್ಕದಲ್ಲಿ ಡೆಪ್ತ್ ಚಾರ್ಜ್ ದಾಳಿ 60 ನಡೆದರೆ ಒಂದು ಸಬ್‌ಮರೀನ್ ಮುಳುಗುತ್ತಿತ್ತು. ಹೆಡ್ಜ್‌ಹಾಗ್‌ಗೆ ಆರು ದಾಳಿ ಸಾಕಾಗುತ್ತಿತ್ತು. 1944ರ ಮೇ ತಿಂಗಳಲ್ಲಿ ಅಮೆರಿಕದ 'ಇಂಗ್ಲೆಂಡ್' ಎಂಬ ಹಡಗು ಇದರಿಂದಲೇ 12 ದಿನಗಳಲ್ಲಿ ಆರು ಜಪಾನಿ ಸಬ್‌ಮರೀನ್‌ಗಳನ್ನು ಮುಳುಗಿಸಿತು.

ಮುಂದೆ ಬಂದ 'ಸ್ಕ್ವಿಡ್' ಮೂರು ನಳಿಗೆಯದು. ಸೋನಾರ್ ಅಳೆದ ಆಳ ನೇರವಾಗಿ ಬಾಂಬಿನ ಕೀಲಿಗೆ ಹೋಗುತ್ತಿತ್ತು. 1944ರ ಜುಲೈ 31ರಂದು 'ಲಾಕ್ ಕಿಲಿನ್' ಹಡಗು ಇದರಿಂದ ಜರ್ಮನಿಯ ಯು-333ನ್ನು ಮುಳುಗಿಸಿತು. ಇದರ ತಮ್ಮ 'ಲಿಂಬೊ' 1950ರ ದಶಕದ್ದು, ಎಸೆತ ಸುಮಾರು 900 ಮೀಟರ್.

ನಮ್ಮ ಯುದ್ಧಹಡಗು ಐಎನ್ಎಸ್ ಖುಕ್ರಿಯಲ್ಲಿ ಇದ್ದದ್ದೂ ಈ ಲಿಂಬೊವೇ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ 'ಹಂಗೋರ್' ಸಬ್‌ಮರೀನ್ ಟಾರ್ಪೆಡೊ ಬಿಟ್ಟು ಖುಕ್ರಿಯನ್ನು ಮುಳುಗಿಸಿತು. ಟಾರ್ಪೆಡೊ ಕಿಲೋಮೀಟರುಗಟ್ಟಲೆ ಓಡಬಲ್ಲದು. ಒಂದು ಕಿಲೋಮೀಟರ್ ಒಳಗೆ ಬರುವವರೆಗೂ ಬೇಟೆಗಾರನ ಕೈ ಕಟ್ಟಿದ್ದರೆ ಏನು ಪ್ರಯೋಜನ?

ಸೋವಿಯತ್ ಒಕ್ಕೂಟದ 'ಆರ್‌ಬಿಯು-6000' ಬಾಂಬಿಗೆ ರಾಕೆಟ್ ಕಟ್ಟಿ ಸುಮಾರು 6 ಕಿಲೋಮೀಟರ್ ದೂರ ಕಳಿಸಿತು. ದೆಹಲಿ, ತಲ್ವಾರ್‌ನಂಥ ನಮ್ಮ ಹಡಗುಗಳ ಮುಂಭಾಗದಲ್ಲಿ ಕುದುರೆ ಲಾಳದ ಆಕಾರದಲ್ಲಿ ಜೋಡಿಸಿದ 12 ನಳಿಗೆ ಕಂಡರೆ ಅದು ಇದೇ. ಗುಂಡು ಖಾಲಿಯಾದರೆ ನಳಿಗೆಗಳು ನೆಟ್ಟಗೆ ನಿಲ್ಲುತ್ತವೆ. ಡೆಕ್ಕಿನ ಕೆಳಗಿನಿಂದ ಯಂತ್ರ ರಾಕೆಟ್ಟುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ ತುಂಬುತ್ತದೆ.